558ರಲ್ಲಿ ಎರಡು

ಬೀಳಗಿ ಕಡೆ ಸೊರಗಿದ ದಾಳಿಂಬೆ ಗಿಡವೊಂದರ ಬೇರು ಅಗೆದು ನೋಡಿ. ಬೇರುಗಂಟು ರೋಗವಾಗಿದ್ದರೆ ಎಳೆಬೇರಿನ ತುಂಬ ಗಂಟು, ಗಂಟಿನ ಮೇಲೆ ಅಂಟಿನಂಥ ಕಂದು ಚುಕ್ಕೆ. ಗುಂಡುಸೂಜಿಯ ತಲೆಗಿಂತ ದೊಡ್ಡದಲ್ಲದ ಆ ಚುಕ್ಕೆಯೊಳಗೆ ನೆಮಟೋಡ್ ಎಂಬ ಹುಳುವಿನ 300, 400 ಮೊಟ್ಟೆ. ಹೆಣ್ಣಿಗೆ ಗಂಡಿನ ಹಂಗಿಲ್ಲ. ತಿಂಗಳಿಗೊಂದು ತಲೆಮಾರು. 400 ಮೊಟ್ಟೆಯೂ ಬದುಕಿದವು ಎಂದು ಲೆಕ್ಕ ಹಿಡಿದರೆ ಮುಂದಿನ ಸಲಕ್ಕೆ 1,60,000.

ಹುಳುವಿನ ಮೈಯಲ್ಲಿ ಈ ಸಂತಾನದ ಮೂಲ ಎಲ್ಲಿರುತ್ತದೆ? ಅದನ್ನು ತೋರಿಸಿಕೊಟ್ಟದ್ದು ಇದರದೇ ದೂರದ ನೆಂಟ, ಸೀನೊರಾಬ್ಡೈಟಿಸ್ ಎಲೆಗನ್ಸ್. ಬೇರಿನ ತಂಟೆಗೆ ಹೋಗದೆ, ಕೊಳೆತ ಹಣ್ಣಿನ ಬ್ಯಾಕ್ಟೀರಿಯಾ ತಿಂದುಕೊಂಡಿರುವ ಸಾಧು ಹುಳು. ಉದ್ದ 1 ಮಿಲಿಮೀಟರ್. ಮೈ ಗಾಜಿನ ಹಾಗೆ ಪಾರದರ್ಶಕ. ಮೊಟ್ಟೆಯೋ, ಜಮಖಂಡಿ ಸಂತೆಯ ದಪ್ಪ ಬಿಳಿಜೋಳದ ಒಂದು ಕಾಳಿನಗಲಕ್ಕೆ ಸಾಲಾಗಿ 80 ಹಿಡಿದಾವು.

ಅಷ್ಟು ಚಿಕ್ಕ ಮೊಟ್ಟೆಯೊಳಗೆ ಪಿಜಿಎಲ್-1 ಎಂಬ ಪ್ರೋಟೀನು ಹನಿಹನಿಯಾಗಿ ತೇಲುತ್ತಿರುತ್ತದೆ. ಮೊದಲು ಎಲ್ಲ ಕಡೆ ಚದುರಿಕೊಂಡಿರುತ್ತದೆ. ಮೊಟ್ಟೆ ಎರಡು ಕೋಶವಾಗಿ ಒಡೆಯುವ ಹೊತ್ತಿಗೆ ಹಿಂದಿನ ತುದಿಗೆ ಬಂದು ಸೇರಿ, ಎರಡರಲ್ಲಿ ಒಂದು ಕೋಶದ ಪಾಲಾಗುತ್ತದೆ. ಎರಡನೇ ಸಲವೂ ಒಂದಕ್ಕೇ. ಮೂರನೇ ಸಲವೂ, ನಾಲ್ಕನೇ ಸಲವೂ ಒಂದಕ್ಕೇ. ಆಮೇಲೆ ಆ ಕೋಶ ಒಮ್ಮೆ ಎರಡಾಗಿ ಸುಮ್ಮನಾಗುತ್ತದೆ. ಸುತ್ತಲಿನವು ಮಾತ್ರ ಒಡೆಯುತ್ತ ಒಡೆಯುತ್ತ ನರವಾಗಿ, ಸ್ನಾಯುವಾಗಿ, ಕರುಳಾಗಿ ಹೋಗುತ್ತವೆ. ಸುಮಾರು 14 ಗಂಟೆಯಲ್ಲಿ ಮರಿ ಹೊರಬಂದಾಗ 558 ಕೋಶ. ಪಿಜಿಎಲ್-1 ಉಳಿದಿರುವುದು ಆ ಎರಡರಲ್ಲಿ, ಸಂತಾನದ ಮೂಲ ಅವೇ!

ಹನಿಗಳ ಈ ಹಾದಿಯನ್ನು 1982ರಲ್ಲಿ ಸೂಸನ್ ಸ್ಟ್ರೋಮ್ ಮತ್ತು ವಿಲಿಯಂ ವುಡ್ ಹೊಳೆಯುವ ಪ್ರತಿಕಾಯಗಳಿಂದ ಬೆಳಗಿಸಿ ಕಂಡರು. ಆ ಹನಿಗಳಲ್ಲಿ ಪಿಜಿಎಲ್-1 ಇದೆಯೆಂದು ಗೊತ್ತಾದದ್ದು 1998ರಲ್ಲಿ. ಬಲಿತ ವೀರ್ಯಾಣುವಿನಲ್ಲಿ ಅದು ಇರುವುದಿಲ್ಲ, ಮೊಟ್ಟೆಗೆ ಅದು ತಾಯಿಯದೇ ಬಳುವಳಿ. ರಬಕವಿ-ಬನಹಟ್ಟಿಯ ಕೈಮಗ್ಗದಲ್ಲಿ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರಲ್ಲ, ನನಗೆ ಪ್ರತಿ ಸಲ ನೆನಪಾಗುವುದು ಅದೇ. ಸೀರೆ ಕೊಯ್ದು ಮಾರಿದರೂ ಎಳೆ ಮಗ್ಗದಲ್ಲೇ ಮುಂದುವರಿಯುತ್ತದೆ.

ಪಿಜಿಎಲ್-1 ಕಳೆದುಕೊಂಡ ಹುಳುಗಳು 26 ಡಿಗ್ರಿ ಶಾಖದಲ್ಲಿ ಬೆಳೆದರೆ ಬಂಜೆಯಾಗುತ್ತವೆ. ಮುಧೋಳದ ಏಪ್ರಿಲ್ ಮಧ್ಯಾಹ್ನದಲ್ಲಿ 26 ಡಿಗ್ರಿ ಎಂದರೆ ನಮಗೆ ತಂಪು.

ಮರಿಯ ಆ ಎರಡು ಕೋಶಗಳು ಮೊದಲ ತುತ್ತು ಸಿಗುವ ತನಕ ಒಡೆಯುವುದಿಲ್ಲ. ಸಿಕ್ಕರೆ ಮೂರು ನಾಲ್ಕು ದಿನದಲ್ಲಿ ಸುಮಾರು 2,000 ಆಗುತ್ತವೆ. ಆಗ ಮೈಯ ಉಳಿದ ಕೋಶಗಳೆಲ್ಲ ಸೇರಿ 959. ಸಿಗದಿದ್ದರೆ ವಾರಗಟ್ಟಲೆ ಎರಡೇ.