ಮಗುವಿನ ವಾರದಲ್ಲಿ ಬಿಡುವಿಗೆ ಎಷ್ಟು ಗಂಟೆ?



"ನಮ್ಮ ಮಗು ಸುಮ್ಮನೆ ಕುಳಿತು ಹೊತ್ತು ಕಳೆಯಬಾರದು" ಎಂಬ ಮಾತು ಇಂದು ಹೆಚ್ಚಿನ ಮನೆಗಳಲ್ಲಿ ಕೇಳಿಬರುತ್ತಿದೆ. ಅಬಾಕಸ್, ಕರಾಟೆ, ಕೀಬೋರ್ಡ್, ಭರತನಾಟ್ಯ, ಚಿತ್ರಕಲೆ, ಈಜು ಹೀಗೆ ತರಗತಿಗಳ ಪಟ್ಟಿ ಬೆಳೆಯುತ್ತಲೇ ಇದೆ. ಇವು ಯಾವುವೂ ಕೆಟ್ಟವಲ್ಲ. ಹೆತ್ತವರು ಹೊಟ್ಟೆಬಟ್ಟೆ ಕಟ್ಟಿ ಇವುಗಳ ಶುಲ್ಕ ತೆರುವುದು ಮಗುವಿನ ಮೇಲಿನ ಪ್ರೀತಿಯಿಂದಲೇ. ಆದರೂ ಒಮ್ಮೆ ಕಾಗದ, ಪೆನ್ನು ಹಿಡಿದು ಎರಡನೇ ತರಗತಿಯ ಒಂದು ಮಗುವಿನ ವಾರವನ್ನು ಲೆಕ್ಕ ಹಾಕಿ ನೋಡೋಣ.

ವಾರಕ್ಕೆ ಒಟ್ಟು 168 ಗಂಟೆ. ದಿನಕ್ಕೆ 10 ಗಂಟೆಯಂತೆ ನಿದ್ದೆಗೆ 70. ಶಾಲೆಗೆ 38, ಶಾಲೆಯ ವ್ಯಾನಿನಲ್ಲಿ 9. ಸ್ನಾನ, ಊಟ, ಪ್ರಾರ್ಥನೆ ಇತ್ಯಾದಿಗೆ 21. ಹೋಂವರ್ಕಿಗೆ 9. (ಎರಡನೇ ತರಗತಿಯವರೆಗೆ ಹೋಂವರ್ಕ್ ಕೊಡಬಾರದೆಂದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ, ನಿಮ್ಮ ಮಗುವಿನ ಡೈರಿ ಏನು ಹೇಳುತ್ತದೆಂದು ನೀವೇ ನೋಡಿ.) ಇಲ್ಲಿಗೆ 147 ಆಯಿತು, ಉಳಿದದ್ದು 21. ಇನ್ನು ಟ್ಯೂಶನ್ 5, ಕರಾಟೆ 2, ನೃತ್ಯ 2, ಅಬಾಕಸ್ 2, ಆದಿತ್ಯವಾರದ ಪೂಜೆ ಮತ್ತು ಧರ್ಮೋಪದೇಶ 3, ಇವುಗಳಿಗೆ ಹೋಗಿ ಬರಲು 4. ಕೊನೆಗೆ ಮಗುವಿನ ಕೈಗೆ ಸಿಗುವುದು ಇಡೀ ವಾರಕ್ಕೆ 3 ಗಂಟೆ, ಅಂದರೆ ದಿನಕ್ಕೆ ಅರ್ಧ ಗಂಟೆಯೂ ಇಲ್ಲ. ದಣಿದು ಬಂದ ಮಗು ಆ ಹೊತ್ತಿನಲ್ಲಿ ಮೊಬೈಲ್ ಕೇಳಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಆಟವೆಂಬುದು ಓದು ಮುಗಿದ ಮೇಲೆ ಕೊಡುವ ಬಹುಮಾನವಲ್ಲ, ಅದು ಮಗುವಿನ ಹಕ್ಕು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು ಮತ್ತು ಆಟದ ಹಕ್ಕನ್ನು ಸ್ಪಷ್ಟವಾಗಿ ಹೇಳಿದೆ. ಭಾರತ ಅದನ್ನು ಒಪ್ಪಿಕೊಂಡದ್ದು 1992ರಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರ ಕಲಿಕೆಗೆ ಆಟವನ್ನೇ ಬುನಾದಿಯಾಗಿಸಿದೆ.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಲ್ಲೇಖಾರ್ಹ. 6-7 ವರ್ಷದ 70 ಮಕ್ಕಳ ದಿನಚರಿಯನ್ನು ಹೆತ್ತವರಿಂದ ಕೇಳಿ ಬರೆದುಕೊಂಡು, ಬಳಿಕ ಆ ಮಕ್ಕಳಿಗೆ ಕೆಲವು ಪರೀಕ್ಷೆಗಳನ್ನು ಕೊಟ್ಟರು. ಅವುಗಳಲ್ಲೊಂದು, ಒಂದು ಗುಂಪಿಗೆ ಸೇರಿದ ಹೆಸರುಗಳನ್ನು ನೆನಪಾದಷ್ಟು ಹೇಳುವುದು. ಉದಾಹರಣೆಗೆ ಪ್ರಾಣಿಗಳ ಹೆಸರು ಹೇಳಬೇಕೆಂದಿಟ್ಟುಕೊಳ್ಳಿ. ನಾಯಿ, ಬೆಕ್ಕು, ದನ ಮುಗಿದ ಕೂಡಲೇ ಇನ್ನು ಕಾಡಿಗೆ ಹೋಗಬೇಕು, ಆಮೇಲೆ ಸಮುದ್ರಕ್ಕಿಳಿಯಬೇಕು ಎಂದು ಮಗು ತಾನೇ ಯೋಚಿಸಿದರೆ ಮಾತ್ರ ಪಟ್ಟಿ ಬೆಳೆಯುತ್ತದೆ. ಪಕ್ಕದಲ್ಲಿ ನಿಂತು ಯಾರೂ ಹೇಳಿಕೊಡುವುದಿಲ್ಲ. ಸ್ವತಂತ್ರ ಸಮಯ ಹೆಚ್ಚಿದ್ದ ಮಕ್ಕಳು ಇದರಲ್ಲಿ ಮುಂದಿದ್ದರು, ಪಾಠ ಮತ್ತು ತರಬೇತಿಗಳಲ್ಲೇ ಹೆಚ್ಚು ಹೊತ್ತು ಕಳೆದವರು ಹಿಂದಿದ್ದರು. ಒಂದು ಎಚ್ಚರಿಕೆಯನ್ನೂ ಹೇಳಬೇಕು: ಇವೆರಡರ ನಡುವೆ ನಂಟು ಕಂಡಿತೇ ಹೊರತು ಒಂದು ಇನ್ನೊಂದಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಲಗೋರಿ ಆಡುವ ಮಕ್ಕಳನ್ನು ಗಮನಿಸಿದವರಿಗೆ ಇದು ಹೊಸ ಸಂಗತಿಯಲ್ಲ. ತಂಡ ಮಾಡುವುದು, ನಿಯಮ ಕಟ್ಟುವುದು, ಜಗಳವಾಡಿ ತಾವೇ ರಾಜಿಯಾಗುವುದು ಎಲ್ಲವೂ ಅವರದೇ ಕೆಲಸ. ತರಗತಿಯಲ್ಲಾದರೆ ಇವೆಲ್ಲವನ್ನೂ ಗುರುಗಳೇ ಮಾಡಿಬಿಡುತ್ತಾರೆ.

"ಬೇಜಾರಾಗ್ತದೆ" ಎಂದು ಮಗು ಹೇಳಿದರೆ ಗಾಬರಿ ಬೇಡ. ಹತ್ತು ನಿಮಿಷ ತಾಳ್ಮೆಯಿಂದಿದ್ದರೆ ಖಾಲಿ ರಟ್ಟಿನ ಪೆಟ್ಟಿಗೆಯೊಂದು ಬಸ್ಸಾಗುತ್ತದೆ, ತೆಂಗಿನ ಗರಿ ಕತ್ತಿಯಾಗುತ್ತದೆ. ಆ ಹತ್ತು ನಿಮಿಷವನ್ನು ನಾವು ಕೊಡುತ್ತಿಲ್ಲ.

ಎಲ್ಲ ಮನೆಗಳ ಪರಿಸ್ಥಿತಿ ಒಂದೇ ಅಲ್ಲವೆಂಬುದೂ ನಿಜ. ತಂದೆ ಗಲ್ಫಿನಲ್ಲಿ, ತಾಯಿ ಕೆಲಸಕ್ಕೆ, ಮನೆ ಐದನೇ ಮಹಡಿಯಲ್ಲಿ ಎಂದಾದರೆ ಸಂಜೆಯ ತರಗತಿಯೇ ಮಗುವಿಗೆ ಸುರಕ್ಷಿತ ಜಾಗ. ಅಂಥವರನ್ನು ದೂರುವುದು ಸರಿಯಲ್ಲ. ಕಲಿಸುವವರಲ್ಲೇ ಕೇಳಿ ನೋಡಿ, ವಾರದಲ್ಲಿ ಒಂದು ದಿನವಾದರೂ ಪಾಠವಿಲ್ಲದೆ ಮಕ್ಕಳನ್ನು ಅಂಗಳದಲ್ಲಿ ಬಿಡಲು ಹೆಚ್ಚಿನವರು ಒಪ್ಪಿಯಾರು.

ಉಳಿದವರು ಒಂದು ಅಥವಾ ಎರಡು ತರಗತಿಗಳಲ್ಲಿ ತೃಪ್ತರಾಗುವುದು ಒಳಿತು. ಯಾವುದನ್ನು ಉಳಿಸಬೇಕು ಎಂದು ಮಗುವನ್ನೇ ಕೇಳಿ. ಪ್ರದರ್ಶನ, ಬೆಲ್ಟು, ಪ್ರಮಾಣಪತ್ರ ನಮಗೆ ಬೇಕಾಗಿದೆಯೋ ಮಗುವಿಗೋ ಎಂಬುದು ಆಗ ತಿಳಿಯುತ್ತದೆ. ಬಿಡುವನ್ನು ಕೊನೆಗೆ ಹುಡುಕುವ ಬದಲು ವೇಳಾಪಟ್ಟಿಯಲ್ಲಿ ಮೊದಲೇ ಗುರುತಿಸಿಡಿ. ಎಲ್‌ಕೆಜಿಯ ಪುಟಾಣಿಗಳಿಗಂತೂ ತರಗತಿಗಳ ಅವಸರವೇ ಬೇಡ. 3-4 ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿಕೊಂಡಿರಬೇಕು, ಪರದೆಯ ಮುಂದೆ 1 ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ.

ನಮ್ಮ ಚರ್ಚುಗಳೂ ಈ ಮಾತಿಗೆ ಹೊರತಲ್ಲ. ಹಬ್ಬ ಸಮೀಪಿಸಿದಂತೆ ನೃತ್ಯ, ಗಾಯನ, ಕ್ವಿಜ್ ಎಂದು ಅದೇ ಮಕ್ಕಳನ್ನು ನಾವೂ ಕರೆಯುತ್ತೇವೆ. ಹೆಚ್ಚಿನ ಚರ್ಚುಗಳಿಗೆ ಮೈದಾನವಿದೆ. ಸಂಜೆ 4ರಿಂದ 6ರವರೆಗೆ ಗೇಟು ತೆರೆದು, ಹಿರಿಯರೊಬ್ಬರು ಮರದಡಿ ಕುಳಿತಿದ್ದರೆ ಸಾಕು. ಶಿಬಿರವೂ ಬೇಡ, ಉದ್ಘಾಟನೆಯೂ ಬೇಡ. ಚೆಂಡನ್ನು ಮಕ್ಕಳೇ ತರುತ್ತಾರೆ.