ಮನೆಗೆ ತಕ್ಕ ರೂಟರ್

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು. ಅಂದು ಕೆಲವೇ ಮಹಾನಗರಗಳಿಗೆ ಎಟುಕುತ್ತಿದ್ದ ಆ ಸೌಲಭ್ಯವು ಇಂದು ಕೂದಲೆಳೆಯಂತಹ ಗಾಜಿನ ತಂತಿಯಲ್ಲಿ ಬೆಳಕಾಗಿ ಹರಿದು ಹಳ್ಳಿಪಟ್ಟಣಗಳ ಮನೆಬಾಗಿಲಿಗೂ ಬರುತ್ತಿದೆ.

ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯನ್ನೇ ನೋಡೋಣ. ರೇಷ್ಮೆ ಸೀರೆಗಳಿಗೆ ಹೆಸರಾದ ಈ ಊರಿನಂತಹ ನೇಕಾರಿಕೆಯ ಊರುಗಳಲ್ಲಿ ಮಗ್ಗ ಮತ್ತು ಸಂಸಾರ ಒಂದೇ ಸೂರಿನಡಿ ಇರುವುದುಂಟು. ನೇಯ್ದ ಸೀರೆಯ ಚಿತ್ರವನ್ನು ವ್ಯಾಪಾರಿಗೆ ಕಳುಹಿಸುವ ತಂದೆಗೂ ಒಳಕೋಣೆಯಲ್ಲಿ ಕುಳಿತು ಪಾಠ ಕೇಳುವ ಮಗಳಿಗೂ ಒಂದೇ ಸಂಪರ್ಕ. ಅದು ಪಡಸಾಲೆಯಲ್ಲಿ ಚೆನ್ನಾಗಿದ್ದು ಒಳಕೋಣೆಗೆ ತಲುಪದಿದ್ದರೆ ತಿಂಗಳು ತಿಂಗಳು ತೆತ್ತ ಹಣಕ್ಕೆ ಫಲವೇನು? ಆಗ ನಾವು ಆಂಟೆನಾಗಳನ್ನೆಣಿಸಿ ದುಬಾರಿ ರೂಟರ್ ತರಲು ಹೊರಡುತ್ತೇವೆ. ಅದಕ್ಕೆ ಮೊದಲು ಮನೆಯ ಗೋಡೆಗಳನ್ನು ನೋಡಬೇಕು.

ವೈ-ಫೈ ಅಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. 2.4 ಗಿಗಾಹರ್ಟ್ಸ್ ಅಲೆ ನಿಧಾನವಾದರೂ ಗೋಡೆ ದಾಟಿ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್ ಅಲೆ ವೇಗವಾದರೂ ದಪ್ಪ ಗೋಡೆಗೆ ಬೇಗ ಸೋಲುತ್ತದೆ. ಆದುದರಿಂದ ಎರಡೂ ಇರುವ ‘ಡ್ಯುಯಲ್ ಬ್ಯಾಂಡ್’ ರೂಟರ್ ಒಳ್ಳೆಯದು. ಅದನ್ನು ಮನೆಯ ನಡುವೆ, ಎತ್ತರದಲ್ಲಿ ಇಡಬೇಕು. ಕಬ್ಬಿಣದ ಬೀರುವಿನ ಹಿಂದೆ ಇಡಬಾರದು. ಎಷ್ಟೋ ಮನೆಗಳಲ್ಲಿ ಈ ಸ್ಥಳ ಬದಲಾವಣೆಯಿಂದಲೇ ತೊಂದರೆ ತೀರುತ್ತದೆ. ಕಲ್ಲುಗೋಡೆಯ ಉದ್ದನೆಯ ಮನೆಯಾದರೆ ಒಂದು ದೊಡ್ಡ ರೂಟರಿಗಿಂತ, ತಂತಿ ಎಳೆದು ಒಳಗೆ ಇನ್ನೊಂದು ಸಣ್ಣದನ್ನು ಇಡುವುದೇ ಮೇಲು.

ಪೆಟ್ಟಿಗೆಯ ಮೇಲಿನ ಅಂಕಿಗೆ ಮರುಳಾಗಬಾರದು. ‘ಎಸಿ 1200’ ಎಂದರೆ ಎರಡು ಅಲೆಗಳ ಗರಿಷ್ಠ ವೇಗವನ್ನು, ಅಂದರೆ 300 ಮತ್ತು 867ನ್ನು, ಕೂಡಿಸಿ ದುಂಡು ಮಾಡಿದ ಲೆಕ್ಕ. ಮನೆಗೆ ಬರುವ ಸಂಪರ್ಕವೇ 50 ಎಂಬಿಪಿಎಸ್ ಆಗಿದ್ದರೆ ಯಾವ ರೂಟರೂ ಅದನ್ನು ಹೆಚ್ಚಿಸಲಾರದು. 100ಕ್ಕಿಂತ ಹೆಚ್ಚಿನ ವೇಗದ ಸಂಪರ್ಕ ಪಡೆದವರು ಮಾತ್ರ ತಂತಿ ಸಿಕ್ಕಿಸುವ ಪೋರ್ಟುಗಳು ‘ಗಿಗಾಬಿಟ್’ ಇವೆಯೇ ಎಂದು ಕೇಳಿ ಕೊಳ್ಳಬೇಕು.

ಫೈಬರ್ ತಂತಿಯನ್ನು ಸಾಮಾನ್ಯ ರೂಟರಿಗೆ ನೇರವಾಗಿ ಜೋಡಿಸಲಾಗದು. ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ‘ಒಎನ್‌ಟಿ’ ಎಂಬ ಪೆಟ್ಟಿಗೆ ನಡುವೆ ಬೇಕು. ಸೇವೆ ನೀಡುವವರು ಕೊಡುವ ಒಎನ್‌ಟಿಯಲ್ಲಿ ಅನೇಕ ವೇಳೆ ವೈ-ಫೈ ಕೂಡ ಇರುತ್ತದೆ. ಚಿಕ್ಕ ಮನೆಗೆ ಅಷ್ಟೇ ಸಾಕು. ಬೇರೆ ಖರ್ಚು ಬೇಡ.

ಕರೆಂಟು ಹೋದಾಗ ಸಂಪರ್ಕ ಕಡಿಯದಿರಲು ಚಿಕ್ಕ ಯುಪಿಎಸ್ ಉಪಯುಕ್ತ. ಅದರ ವೋಲ್ಟು ರೂಟರಿನ ಅಡಾಪ್ಟರ್ ಮೇಲೆ ನಮೂದಿಸಿದಷ್ಟೇ ಇರಬೇಕು. ಆಂಪಿಯರ್ ಅದಕ್ಕಿಂತ ಕಡಿಮೆಯಿರಬಾರದು. ಒಎನ್‌ಟಿ ಬೇರೆಯಾಗಿದ್ದರೆ ಅದಕ್ಕೂ ಈ ಆಸರೆ ಬೇಕು. ಕೊನೆಯದಾಗಿ, ರೂಟರಿನೊಡನೆ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸತಕ್ಕದ್ದು.

ಸೀರೆ ಕೊಳ್ಳುವಾಗ ಹೊಳಪಿಗೆ ಮಾರುಹೋಗದೆ ನೂಲನ್ನು ಬೆರಳಲ್ಲಿ ಹಿಡಿದು ನೋಡುವ ಜಾಣ್ಮೆ ನಮ್ಮ ತಾಯಂದಿರಿಗಿದೆ. ರೂಟರ್ ಕೊಳ್ಳುವಾಗಲೂ ಅದೇ ಜಾಣ್ಮೆ ಇರಲಿ. ಒಳಕೋಣೆಯ ಮಗಳಿಗೆ ಪಾಠ ಸ್ಪಷ್ಟವಾಗಿ ಕೇಳಿಸಿತೆಂದರೆ ಕೊಟ್ಟ ಹಣ ಸಾರ್ಥಕವಾದಂತೆ.