ಬಿಜ್ಜಳ ಬೀಡುಬಿಟ್ಟ ಊರಿನ ಕೋಡಿಮಠ

ಬೇಮಳಖೇಡ, ಹುಮನಾಬಾದ್ ಸೀಮೆಯವರಿಗೆ ಕಲ್ಯಾಣ ಮಗ್ಗುಲಲ್ಲೇ ಇದೆ. ಅಲ್ಲಿನ ಅನುಭವ ಮಂಟಪದ ಶೂನ್ಯ ಸಿಂಹಾಸನವೇರಿದ ಅಲ್ಲಮಪ್ರಭುವಿನ ಬಳ್ಳಿಗಾವಿಗೆ ಮಾತ್ರ ರಾಜ್ಯದ ಉದ್ದಕ್ಕೂ ಹೋಗಬೇಕು. ಶಿವಮೊಗ್ಗ ಜಿಲ್ಲೆಯ ಶಿರಾಳಕೊಪ್ಪದಲ್ಲಿ ಬಸ್ಸಿಳಿದರೆ ಊರು ಅಲ್ಲೇ ಹತ್ತಿರ.

ಇಲ್ಲಿನ ಕೇದಾರೇಶ್ವರನದು ಮೂರು ಗರ್ಭಗುಡಿಗಳ ದೇವಾಲಯ. ಕಾಳಾಮುಖ ಶೈವರ ಕೋಡಿಮಠ ಇದ್ದದ್ದು ಇಲ್ಲೇ. ಮಠ ಹೋಗಿ ಗುಡಿ ಉಳಿದಿದೆ. ಆವರಣದಲ್ಲಿ ಪುರಾತತ್ವ ಇಲಾಖೆಯ ಪುಟ್ಟ ವಸ್ತುಸಂಗ್ರಹಾಲಯವಿದೆ. ಸುತ್ತಮುತ್ತ ಸಿಕ್ಕ ದೇವರ ಶಿಲ್ಪ, ವೀರಗಲ್ಲು, ಶಾಸನಗಳು ಇಲ್ಲಿ ಒಟ್ಟಿಗೆ ನಿಂತಿವೆ. ಅವಸರದಲ್ಲಿ ನೋಡಿದರೆ ಅರ್ಧ ಗಂಟೆಗೆ ಮುಗಿಯುತ್ತದೆ. ಆದರೆ ಮಠದ 1162ರ ಶಾಸನದ ವಿಷಯ ತಿಳಿದುಕೊಂಡು ಹೋದವರಿಗೆ ಈ ಅಂಗಳವೇ ಬೇರೆಯಾಗಿ ಕಾಣುತ್ತದೆ.

ಆ ವರ್ಷ ಕಲ್ಯಾಣದ ದೊರೆ ಬಿಜ್ಜಳ ದಕ್ಷಿಣದ ದಂಡಯಾತ್ರೆಗೆ ಬಂದು ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದ. ಆಗ ಮಠಕ್ಕೆ ಸಂದ ದತ್ತಿಯ ಶಾಸನ ಅದು. ದತ್ತಿಗಿಂತ ಹೆಚ್ಚು ಅದು ಮಠದ ದಿನಚರಿಯನ್ನೇ ಹೇಳುತ್ತದೆ. ನಾಲ್ಕು ವೇದಗಳ ಜತೆಗೆ ಪಾಣಿನಿ, ಶಾಕಟಾಯನರ ವ್ಯಾಕರಣ, ನ್ಯಾಯ, ಸಾಂಖ್ಯ, ಲಾಕುಳ ಸಿದ್ಧಾಂತ, ಪತಂಜಲಿಯ ಯೋಗ, ಕಾವ್ಯ, ನಾಟಕ ಎಲ್ಲಕ್ಕೂ ಇಲ್ಲಿ ಪಾಠ. ಶೈವ ಮಠವೆಂದು ಬೌದ್ಧ ದರ್ಶನವನ್ನು ಹೊರಗಿಟ್ಟಿರಲಿಲ್ಲ, ಅದನ್ನೂ ಓದಿಸುತ್ತಿದ್ದರು. ಕುರುಡರು, ಕುಂಟರು, ದಿಕ್ಕಿಲ್ಲದವರಿಗೆ ಊಟ, ರೋಗಿಗಳಿಗೆ ಔಷಧ. ಜೈನ ಕ್ಷಪಣಕರಿಗೂ ಏಕದಂಡಿ, ತ್ರಿದಂಡಿ ಸನ್ಯಾಸಿಗಳಿಗೂ ಅದೇ ಪಂಕ್ತಿ. ಹಾಡುವವರು, ಕುಣಿಯುವವರು, ವಾದ್ಯ ನುಡಿಸುವವರನ್ನೂ ಶಾಸನ ಮರೆತಿಲ್ಲ. ಅಲ್ಲಮ ಈ ಊರಿನಲ್ಲಿ ಮದ್ದಳೆ ಬಾರಿಸುತ್ತಿದ್ದನೆಂಬ ಕಥೆ ನೆನಪಾಗುವುದು ಇಲ್ಲಿ. ಅವನೂ ಈ ಪಂಕ್ತಿಯಲ್ಲಿ ಕೂತಿದ್ದನೆಂದು ಊಹಿಸಲು ಶಾಸನವೇನೂ ಅಡ್ಡ ಬರುವುದಿಲ್ಲ!

ಮತಗಳ ಈ ಕೂಡುಬಾಳು ಮಠಕ್ಕಷ್ಟೇ ಸೇರಿದ್ದಲ್ಲ. ಬಳ್ಳಿಗಾವಿಯಲ್ಲಿ ಹನ್ನೊಂದನೇ ಶತಮಾನದಲ್ಲಿ ಬೌದ್ಧ ವಿಹಾರವಿತ್ತು, ತಾರಾ ಭಗವತಿಯ ವಿಗ್ರಹ ಸಿಕ್ಕಿದೆ, ಜೈನ ಬಸದಿಗಳೂ ಇದ್ದವು. ಹಾಗಾಗಿ ಇಲ್ಲಿನ ಕಲ್ಲುಗಳನ್ನು ಶೈವ, ವೈಷ್ಣವ, ಜೈನವೆಂದು ವಿಂಗಡಿಸಿ ನೋಡುವುದು ನನಗೆ ಅಷ್ಟು ಸರಿಯೆನಿಸುವುದಿಲ್ಲ. ಕೆತ್ತಿಸಿದವರು ಒಂದೇ ಪೇಟೆಯಲ್ಲಿ ಓಡಾಡಿದವರು.

ಊರೊಳಗೆ ತ್ರಿಪುರಾಂತಕೇಶ್ವರ ಗುಡಿಯಿದೆ, 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡ ಕಂಬವೂ ಇದೆ. ಸಮಯವಿದ್ದರೆ ಅಕ್ಕಮಹಾದೇವಿಯ ಉಡುತಡಿಯನ್ನೂ ಸೇರಿಸಿಕೊಳ್ಳಿ, ಅದೂ ಶಿರಾಳಕೊಪ್ಪದ ಆಸುಪಾಸಿನಲ್ಲೇ ಇದೆ.